ಮೊರದ ಹುಣ್ಣಿಮೆ

ನಮ್ಮೂರಿನಲ್ಲಿ ಒಲೆಯ ಮುಂದಿರುವ ಹೆಂಗಸನ್ನು ಹೊಗಳಬಾರದು. ಬಾವಿಯಲ್ಲಿ ನೀರು ಸೇದುತ್ತಿರುವವಳನ್ನಂತೂ ಹೊಗಳಲೇಬಾರದು. ನಿಜವಾದ ಹೊಗಳಿಕೆ ಕಿವಿಗೆ ಬಿದ್ದರೆ ಇಲ್ಲಿ ಮನುಷ್ಯರ ಕಾಲು ನೆಲ ಬಿಟ್ಟು ಏಳುತ್ತದೆ. ಒಬ್ಬೊಬ್ಬರು ಬೆರಳಷ್ಟು ಏಳುತ್ತಾರೆ, ಒಬ್ಬೊಬ್ಬರು ಗೇಣು, ಮೊಳ. ಮಾತಿನ ಬಿಸಿ ಆರಿದ ಮೇಲೆ ಮೆಲ್ಲಗೆ ಇಳಿಯುತ್ತಾರೆ. ಸುಳ್ಳು ಹೊಗಳಿಕೆಗೆ ಯಾರ ಕಾಲೂ ಏಳುವುದಿಲ್ಲ. ಕತ್ತಿಯ ಭಯಕ್ಕೆ ಕ್ಷೌರದಂಗಡಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮಾಸ್ತರರು ಹುಡುಗರಿಗೆ ಶಾಬಾಸ್ ಹೇಳಬೇಕಾದರೆ ಬಯಲಿಗೆ ಕರೆದುಕೊಂಡು ಹೋಗುತ್ತಾರೆ. ಹೊಸ ಮನೆ ಕಟ್ಟಿಸುವವರು ತೊಲೆಗಳಿಗೆ ಹತ್ತಿಯ ದಿಂಬು ಸುತ್ತಿಸುತ್ತಾರೆ, ತಲೆ ಬಡಿಯದಿರಲಿ ಎಂದು.

ಗಂಡಸರಿಗೆ ಇದು ಒಳ್ಳೆಯ ನೆಪವಾಗಿತ್ತು. "ಕೈಯಾಗ ಕುದಿಯೋ ಸಾರ ಐತಿ, ಈಗ ಹೊಗಳಿದ್ರ ಮೈಮ್ಯಾಲ ಚೆಲ್ಲಿಕೊಂತಾಳ" ಎಂದು ನನ್ನ ಗಂಡ ಈರಣ್ಣ ಮದುವೆಯಾದ ಹೊಸದರಲ್ಲೇ ಹೇಳಿ ಕೈ ತೊಳೆದುಕೊಂಡಿದ್ದ. ಸಾರು ಇಳಿಸಿದರೆ ರೊಟ್ಟಿಯ ಹಂಚು, ರೊಟ್ಟಿ ಮುಗಿದರೆ ಬಟ್ಟೆಯ ಬುಟ್ಟಿ, ಬಟ್ಟೆ ಒಣಗಿಸಿದರೆ ಕೂಸು. ಹೆಂಗಸಿನ ಕೈ ಬರಿದಾಗುವ ಹೊತ್ತನ್ನು ಕಾಯುತ್ತ ಕೂತ ಗಂಡಸು ಯಾರಿದ್ದಾರೆ? ಅವರು ಉಂಡು ಜಗಲಿಗೆ ಹೋಗಿ, ಒಬ್ಬರನ್ನೊಬ್ಬರು ಹೊಗಳಿಕೊಂಡು, ಹಲಗೆಯಿಂದ ಗೇಣು ಮೇಲೆ ತೇಲುತ್ತ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರ ಹೊಗಳಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಪುರುಸೊತ್ತಿದ್ದವರಿಗೆ ಎದುರಿಗೆ ಕೂತವನಲ್ಲಿ ಏನಾದರೂ ಒಳ್ಳೆಯದು ಕಂಡೇ ಕಾಣುತ್ತದೆ.

ಅದಕ್ಕೇ ನಮ್ಮ ಹಿರಿಯ ಹೆಂಗಸರು ಮೊರದ ಹುಣ್ಣಿಮೆ ಮಾಡಿಟ್ಟು ಹೋಗಿದ್ದಾರೆ. ವರ್ಷಕ್ಕೊಂದು ಮನೆಯ ಪಾಳಿ. ಆ ದಿನ ಊರ ಹೆಂಗಸರೆಲ್ಲ ಆ ಮನೆಗೆ ಬರಿಗೈಯಲ್ಲಿ ಬರಬೇಕು. ಕೂಸುಗಳು ಅಪ್ಪಂದಿರ ಹತ್ತಿರ. ಬೀದಿಯಲ್ಲಿ ಒಲೆ ಹೂಡಿ ಅಡುಗೆ ಮಾಡುವವರು ಗಂಡಸರು. ಒಳಗೆ ಒಬ್ಬೊಬ್ಬರನ್ನೇ ನಡುವೆ ನಿಲ್ಲಿಸಿ ಬಾಯ್ತುಂಬ ಹೊಗಳುವುದು, ಏಳಿಸುವುದು, ನಗುವುದು. ಮನೆಯೊಡತಿಯನ್ನು ಮಾತ್ರ ಹೊಗಳುವಂತಿಲ್ಲ. ಬಂದವರನ್ನು ಕೂಡಿಸಿ, ನೀರು ಕೊಟ್ಟು, ಬಡಿಸುವ ಅವಳ ಕೈ ಬರಿದಿರುವುದಿಲ್ಲವಲ್ಲ.

ಎಲ್ಲರ ಸರದಿ ಮುಗಿದ ಮೇಲೆ ಒಬ್ಬಳೇ ಒಬ್ಬಳು ಮೊರಕ್ಕೆ ನಿಲ್ಲುತ್ತಾಳೆ. ಅವಳನ್ನು ಆರಿಸುವವಳು ಮನೆಯೊಡತಿ, ಹೊಗಳುವವಳೂ ಮನೆಯೊಡತಿಯೇ. ಆ ಮನೆಯ ಅತಿ ಹಿರಿಯಳು ಎದ್ದವಳ ಪಾದದಡಿಯಲ್ಲಿ ಮೊರವನ್ನು ತೂರಿಸುತ್ತಾಳೆ. ಎಲ್ಲೂ ತಾಗದೆ ಆಚೆಗೆ ಬಂದರೆ ಮೊರ ದಾಟಿತು. ಮೊರ ದಾಟಿಸಿದವಳು ಕೆಳಗಿಳಿಯುವುದರೊಳಗೆ ಊರಿಗೆ ಒಂದು ಮಾತು ಹೇಳಬಹುದು. ಹೊರಗೆ ಕಿಟಕಿಯ ಪಕ್ಕದ ಜಗಲಿಯಲ್ಲಿ ಕೂತ ಹಿರಿಯರು "ಆಗಲಿ" ಅನ್ನಬೇಕು, ಅಂದದ್ದನ್ನು ನಡೆಸಬೇಕು. ಕೆಳಗೇರಿಗೆ ನಲ್ಲಿ ಬಂದದ್ದು ಹೀಗೆ. ಶಾಲೆಯ ಹತ್ತಿರದ ಸಾರಾಯಿ ಅಂಗಡಿ ಊರಾಚೆ ಹೋದದ್ದೂ ಹೀಗೇ. ಒಂದು ವರ್ಷ ಹಿರಿಯರು ಕೇಳಿಯೂ ಕೇಳದಂತೆ ಎದ್ದು ಹೋಗಿದ್ದರಂತೆ. ಆಮೇಲೆ ವರ್ಷಪೂರ್ತಿ ಜಗಲಿಯ ಮೇಲೆ ಎಷ್ಟು ಹೊಗಳಿಕೊಂಡರೂ ಒಬ್ಬ ಗಂಡಸೂ ಹಲಗೆಯಿಂದ ಮೇಲೇಳಲಿಲ್ಲ. ಅಂದಿನಿಂದ ಯಾರೂ ಎದ್ದು ಹೋಗಿಲ್ಲ.

ಈ ಸಲ ಪಾಳಿ ನಮ್ಮ ಮನೆಯದು. ಮೊರಕ್ಕೆ ನಾನು ಆರಿಸಿದ್ದು ಗಿರಣಿಯ ಹುಲಿಗೆವ್ವನನ್ನು.

ಹೆಸರು ಹೇಳಿದ ಕೂಡಲೇ ಊರ ಹೆಂಗಸರೆಲ್ಲ ಹಣೆ ಚಚ್ಚಿಕೊಂಡರು. ಹುಲಿಗೆವ್ವನ ಹತ್ತಿರ ಬೈಸಿಕೊಳ್ಳದವರು ನಮ್ಮೂರಲ್ಲಿ ಯಾರೂ ಇಲ್ಲ. ಜೋಳ ಹಸಿಯಿದ್ದರೆ ಬೈಗುಳ, ಕಲ್ಲಿದ್ದರೆ ಬೈಗುಳ, ಬುಟ್ಟಿಯನ್ನು ಪಾಳಿ ತಪ್ಪಿಸಿ ಮುಂದೆ ಸರಿಸಿದರೆ ಗಿರಣಿಯ ಸದ್ದನ್ನೂ ಮೀರಿಸುವ ಬೈಗುಳ. ಗಿರಣಿ ಹೆಸರಿಗೆ ಗಂಡನದು. ಆ ಪುಣ್ಯಾತ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದ, ಒಳಗೆ ಗಿರಣಿಯ ಚಕ್ರಕ್ಕೆ ಪಟ್ಟಾ ಏರಿಸಿ ಬೀಸುತ್ತಿದ್ದವಳು ಇವಳು. ಬೇಸಿಗೆಯಲ್ಲಿ ಅವನು ತೀರಿಕೊಂಡ. ಮಾಸಿಕ ಮುಗಿಯುವ ಮೊದಲೇ ಮೈದುನ ಸಂಗಪ್ಪ ಹಿರಿಯರ ಮುಂದೆ ಹೋಗಿ, ಅಣ್ಣನ ಗಿರಣಿ ತಮ್ಮನಿಗೆ ಬರಬೇಕೆಂದ. ಹಿರಿಯರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಊರಲ್ಲಿ ನಡೆದುಬಂದದ್ದೇ ಹಾಗೆ. ಹುಣ್ಣಿಮೆಯ ಮರುದಿನ ಕೀಲಿ ಕೊಡಬೇಕು, ಬೇಕಿದ್ದರೆ ಹುಲಿಗೆವ್ವ ಅಲ್ಲೇ ಕೂಲಿಗೆ ಬೀಸಿಕೊಂಡಿರಬಹುದು ಎಂದು ತೀರ್ಮಾನ ಕೊಟ್ಟರು. ಆ ಹಿರಿಯರಲ್ಲಿ ನನ್ನ ಗಂಡನ ಚಿಕ್ಕಪ್ಪ ರುದ್ರಪ್ಪನೂ ಒಬ್ಬ. ತನ್ನ ಗಿರಣಿಯಲ್ಲಿ ತಾನೇ ಕೂಲಿ! ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಾನು ಆರಿಸಿದ ಸುದ್ದಿ ಹೇಳಲು ಗಿರಣಿಗೆ ಹೋದಾಗ ಅವಳು ಹುಬ್ಬಿನವರೆಗೂ ಹಿಟ್ಟು ಬಳಿದುಕೊಂಡು ನಿಂತಿದ್ದಳು.

"ನೀ ನನ್ನ ಹೊಗಳತಿಯಾ, ಬಸಲಿಂಗಿ? ಕಂಡಾಗೊಮ್ಮೆ ಮುಖ ತಿರುವಿಕೊಂಡ ಹೋಗಾಕಿ?"

"ಹೊಗಳತೀನಿ. ಬರೋದು ನೀ ಬಾ ಅಕ್ಕಾ."

"ಕೈ ಕಟಗೊಂಡ ನಿಂತು ಹೊಗಳಿಸಿಕೊಳ್ಳಾಕ ನನಗ ಬರಂಗಿಲ್ಲ" ಎಂದಳು. ಆಮೇಲೆ ತಿರುಗುವ ಪಟ್ಟಾದ ಕಡೆ ನೋಡುತ್ತ, "ಇದನ್ನ ಬಿಟ್ಟ ಇರಾಕೂ ಬರಂಗಿಲ್ಲ. ಬರ್ತೀನಿ ಹೋಗು" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ನಾನು ಮಾತುಗಳನ್ನು ಜೋಡಿಸತೊಡಗಿದೆ. ಬಟ್ಟೆ ಒಗೆಯುತ್ತ, ರೊಟ್ಟಿ ಬಡಿಯುತ್ತ ಹೊಗಳಿಕೆಯನ್ನು ಬಾಯಿಪಾಠ ಮಾಡಿದೆ. ನಮ್ಮತ್ತೆ ನಾಗವ್ವ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅತ್ತೆಯದು ದಿನಕ್ಕೆ ಇಷ್ಟೇ ಎಂದು ಅಳೆದಂಥ ಮಾತು. ಒಂದು ದಿನ ಅಳತೆ ಮೀರಿ, "ಬಸಲಿಂಗವ್ವಾ, ಗಿರಣಿ ಉಳಸಾಕಂತ ಹೊಗಳಿದ್ರ ಆಕಿ ಏಳಂಗಿಲ್ಲ ನೋಡು. ಏನರ ಬೇಕಾಗಿ ಹೊಗಳಿದ್ದು ಕಾಲಿಗೆ ಮುಟ್ಟಂಗಿಲ್ಲ" ಎಂದಳು. ನಾನು ಹೇಳುವುದೆಲ್ಲ ನಿಜವೇ ಅಲ್ಲವೇ, ನಿಜಕ್ಕೆ ಏನು ಭಯ ಎಂದುಕೊಂಡು ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಹುಣ್ಣಿಮೆಯ ಮಧ್ಯಾಹ್ನ ನಮ್ಮ ಬೀದಿ ನೋಡಬೇಕಿತ್ತು. ಈರಣ್ಣ ಸೊಂಟಕ್ಕೆ ಟವೆಲು ಬಿಗಿದುಕೊಂಡು ಗೋಧಿ ಹುಗ್ಗಿಯ ಹಂಡೆಯ ಮುಂದೆ ನಿಂತಿದ್ದ. ಬೆಲ್ಲ ಈಗ ಹಾಕಬೇಕೋ ಆಮೇಲೋ ಎಂದು ನಾಲ್ಕು ಗಂಡಸರು ವಾದ ಮಾಡುತ್ತಿದ್ದರು, ಅಷ್ಟರಲ್ಲಿ ಹುಗ್ಗಿ ತಳ ಹಿಡಿದ ವಾಸನೆ. ಒಳಗೆ ಪಡಸಾಲೆಯ ತುಂಬ ಹೆಂಗಸರು. ಬರಿಗೈಯಲ್ಲಿ ಬಂದವರಿಗೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಮೊದಲ ಸ್ವಲ್ಪ ಹೊತ್ತು ಒಬ್ಬರ ಸೆರಗನ್ನು ಒಬ್ಬರು ಸರಿಮಾಡುತ್ತಾರೆ, ಇಲ್ಲದ ಹೇನು ನೋಡುತ್ತಾರೆ.

ಆಮೇಲೆ ಶುರುವಾಯಿತು. ಕೆಟ್ಟ ಬೋರಿನ ಪೈಪನ್ನು ಪಾನಾದಿಂದ ಬಿಚ್ಚಿ ಇಳಿಸಿ ರಿಪೇರಿ ಮಾಡುವ ಮಾದೇವಿಯನ್ನು ನಡುವೆ ನಿಲ್ಲಿಸಿ, "ಇಡೀ ಕೇರಿ ಕೊಡಾ ಹಿಡಕೊಂಡ ಬಾಯಿ ಮಾಡೂವಾಗ ನೀ ಮಾತಿಲ್ಲದ ಪಾನಾ ಹಿಡದಿದ್ದಿ, ಅವತ್ತ ನಿನ್ನ ತೋಳು ನೋಡಿ ನನಗ ಹೆಮ್ಮಿ ಆತು" ಎಂದು ಅವಳ ಓರಗಿತ್ತಿಯೇ ಹೇಳಿದಳು. ಅವರಿಬ್ಬರ ನಡುವೆ ಅದುವರೆಗೆ ಮಾತೇ ಇರಲಿಲ್ಲ. ಮಾದೇವಿ ಮೊಳದೆತ್ತರ ಎದ್ದು, ಕೆಳಗಿದ್ದ ಓರಗಿತ್ತಿಯ ಭುಜ ಹಿಡಿದುಕೊಂಡು ಅತ್ತಳು. ಹೆರಿಗೆ ಮಾಡಿಸುವ ಮುದುಕಿ ಎಷ್ಟು ಮೇಲೆ ಹೋದಳೆಂದರೆ ಅವಳ ಕಾಲುಂಗುರವನ್ನೆಲ್ಲ ನಾವು ಕೆಳಗಿನಿಂದ ನೋಡಿದೆವು. ಮಾಸ್ತರರ ಲೆಕ್ಕದಲ್ಲಿ ತಪ್ಪು ತೋರಿಸಿ ಶಾಲೆಯ ಬಾಗಿಲಾಚೆ ನಿಲ್ಲುವ ಶಿಕ್ಷೆ ಉಂಡಿದ್ದ ಹುಡುಗಿಯೊಬ್ಬಳು ಎದ್ದ ರಭಸಕ್ಕೆ ತೊಲೆಯ ದಿಂಬು ಅಲುಗಿತು. ನಾನು ನೀರಿನ ತಂಬಿಗೆ ಹಿಡಿದು ಓಡಾಡುತ್ತ ಎಲ್ಲರನ್ನೂ ನೋಡುತ್ತಿದ್ದೆ. ದಿನಾ ನಲ್ಲಿಯಲ್ಲಿ, ಗಿರಣಿಯಲ್ಲಿ, ಸಂತೆಯಲ್ಲಿ ಕಾಣುವ ಇದೇ ಹೆಂಗಸರು ಎಂಥವರಲ್ಲವಾ ಎನ್ನಿಸಿ ನನಗೆ ಕಣ್ಣು ತುಂಬಿ ಬಂತು. ಇವರಲ್ಲಿ ನಾನೂ ಒಬ್ಬಳೆಂದು ಸಂತೋಷವಾಯಿತು.

ಸಂಜೆಯಾಯಿತು. ಎದುರು ಮನೆಯ ಮಾಳಿಗೆಯ ಮೇಲೆ ಚಂದ್ರ ಪೂರ್ತಿ ಕಾಣುವವರೆಗೆ ಮಾತ್ರ ಮೊರದ ಹೊತ್ತು. ಅತ್ತೆ ಗೋಡೆಯ ಮೊರ ಇಳಿಸಿಕೊಂಡು ನೆಲಕ್ಕೆ ಕೂತಳು. ಹುಲಿಗೆವ್ವ ಬಂದು ನಡುವೆ ನಿಂತಳು. ತಲೆಗೆ ನೀರು ಹಾಕಿಕೊಂಡು ಬಂದಿದ್ದಳು. ಹಿಟ್ಟಿಲ್ಲದ ಅವಳ ಮುಖ ನೋಡಿದರೆ ಯಾರೋ ಬೇರೆಯವರೇ ಬಂದಂತಿತ್ತು. ಹೊರಗೆ ಜಗಲಿಯಲ್ಲಿ ಹಿರಿಯರು ಕಿಟಕಿಯತ್ತ ಸರಿದು ಕೂತರು. ಅವರ ಜೊತೆ ಸಂಗಪ್ಪನೂ ಕೂತಿದ್ದ.

ನಾನು ಬಾಯಿಪಾಠ ಮಾಡಿದ್ದನ್ನು ಹೇಳಿದೆ. "ಹುಲಿಗೆಕ್ಕನಂಗ ನುಣ್ಣಗ ಬೀಸೋರು ಸುತ್ತ ಯಾವ ಊರಾಗೂ ಇಲ್ಲ. ಆಕಿ ಗಿರಣಿಯಾಗ ಬಡವರ ಬುಟ್ಟಿ, ಸಾವಕಾರರ ಬುಟ್ಟಿ ಒಂದ ಪಾಳಿ." ನಿಜವೇ ಅದು, ಯಾರನ್ನು ಬೇಕಾದರೂ ಕೇಳಿ. ಹುಲಿಗೆವ್ವನ ಹಿಮ್ಮಡಿ ಒಂಚೂರು ಎದ್ದಿತು. ತುದಿಬೆರಳು ನೆಲದಲ್ಲೇ ಇತ್ತು. ಅತ್ತೆ ಮೊರ ತೂರಿಸಿದಳು, ತಾಗಿತು.

"ದಾಟಲಿಲ್ಲ" ಎಂದಳು ಅತ್ತೆ.

ನಾನು ಮತ್ತೆ ಹೇಳಿದೆ. ಧೈರ್ಯ ಹೊಗಳಿದೆ, ದುಡಿಮೆ ಹೊಗಳಿದೆ, ಕಷ್ಟ ಸಹಿಸಿದ್ದನ್ನು ಹೊಗಳಿದೆ. ಈ ಸಲ ಹಿಮ್ಮಡಿಯೂ ಏಳಲಿಲ್ಲ. ನನ್ನ ದನಿ ನನಗೇ ಭಾಷಣ ಮಾಡುವವರ ದನಿಯಂತೆ ಕೇಳಿಸಿತು. ಹಿಂದಿನಿಂದ ಯಾರೋ, "ನಾಗವ್ವಾ, ಮೊರಾ ಸ್ವಲ್ಪ ವಾರೆ ಹಿಡದು ತೂರಿಸವಾ, ಯಾರ ನೋಡತಾರ" ಎಂದು ಪಿಸುಗುಟ್ಟಿದರು. ಅತ್ತೆ ಅತ್ತ ತಿರುಗಿಯೂ ನೋಡದೆ, "ದಾಟಲಿಲ್ಲ" ಎಂದಳು. ಹೊರಗೆ ಸಂಗಪ್ಪ ಕೆಮ್ಮಿದ. ಕೆಮ್ಮಿನೊಳಗೆ ನಗು ಇತ್ತು. ಎದುರು ಮಾಳಿಗೆಯ ಮೇಲೆ ಚಂದ್ರನ ಅಂಚು ಕಂಡಿತು.

ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬಿಡು ಬಸಲಿಂಗಿ. ನನ್ನ ಗಿರಣಿನ್ನ ನಿನ್ನ ನಾಲಿಗಿ ಮ್ಯಾಲ ಇಟ್ಟದ್ದು ನನ್ನ ತಪ್ಪು. ನಿನಗೇನ ಬರ್ತೈತಿ? ಒಂದ ಹುಗ್ಗಿ ಮಾಡಸಾಕ ಬರಲಿಲ್ಲ. ನಾ ಒಡದುಕೊಟ್ಟ ಬಂಗಾರದಂಥ ಗೋಧಿನ್ನ ಗೋಡಿಗೆ ಮೆತ್ತೂ ಗಾರಿ ಮಾಡಿಸಿ ಇಟ್ಟಿ" ಎಂದು ಬಾಗಿಲ ಕಡೆ ಹೊರಟಳು.

ನನ್ನ ಪಿತ್ತ ನೆತ್ತಿಗೇರಿತು. ಆವತ್ತು ಬೆಳಗಿನಿಂದ ಒಂದು ಗಳಿಗೆ ಕೂತಿರಲಿಲ್ಲ ನಾನು. ಕೈಯಲ್ಲಿದ್ದ ಬಡಿಸುವ ಸೌಟು ಎತ್ತಿ ಅವಳ ದಾರಿಗೆ ಅಡ್ಡ ನಿಂತೆ.

"ನಿಂದರು! ಎಲ್ಲಿಗೆ ಹೊಂಟಿ? ಯಾವಾಗಲೂ ನಿಂದ ನೀ ಮಾಡಿ ಹೋಗಿಬಿಡತಿ, ಎದುರಿನವರು ಬಾಯಿ ತೆರೀಲಿಕ್ಕ ಬಿಡಂಗಿಲ್ಲ. ನನ್ನ ಮೂರನೇದಾಕಿ ಹುಟ್ಟಿದಾಗ ಏನ ಮಾಡಿದಿ? ಮತ್ತ ಹೆಣ್ಣಂತ ಊರೆಲ್ಲಾ ಅಳಾಕ ಬರಾಕಹತ್ತಿತ್ತು. ಗಿರಣಿ ಬಂದ ಮಾಡಿ, ಮೈತುಂಬ ಹಿಟ್ಟ ಮೆತಗೊಂಡ ಬಂದು ನಮ್ಮ ಬಾಗಲಾಗ ನಿಂತಿ. ಸಕ್ರಿ ತಂದವರು ಒಳಗ ಹೋಗ್ರಿ, ಅಳಾಕ ಬಂದವರು ಮನಿಗೆ ಹೋಗ್ರಿ ಅಂತ ಒದರಿದಿ. ನಮ್ಮವ್ವ ಅಳಕೊಂತ ಬಂದ್ರ ನನ್ನ ಹಡದಾಕಿನ್ನೂ ಒಳಗ ಬಿಡಲಿಲ್ಲ ನೀ! ಕಣ್ಣ ಒರಸಿಕೊಂಡ ಮ್ಯಾಲೇ ಬಿಟ್ಟಿ. ಅದಕ್ಕ ನಾ ನಿನ್ನ ಮ್ಯಾಲ ಇಷ್ಟ ವರ್ಷ ಸಿಟ್ಟ ಮಾಡೀನಿ. ಆದ್ರ ಒಳಗ ಮಲಗಿದಾಕಿ ನಾನು, ನನಗ ಎಲ್ಲಾ ಕೇಳಸತಿತ್ತು. ಆವತ್ತಿನ ತನಕ ನಾನೂ ಕೂಸಿನ ಮುಖಾ ನೋಡಿದ್ದಿಲ್ಲ, ಗ್ವಾಡಿ ಕಡೆ ಮುಖಾ ಮಾಡಿ ಮಲಗಿದ್ದೆ. ನಿನ್ನ ದನಿ ಕೇಳಿ ಈ ಕಡೆ ತಿರುಗಿದೆ. ನನ್ನ ಮಗಳ ಮುಖಾ ನನಗ ತೋರಿಸಿದಾಕಿ ನೀನು. ಅದನ್ನ ಹೇಳೂಣಂತ ಗಿರಣಿಗೆ ಬಂದ್ರ, ಜ್ವಾಳ ಹಸಿ ಐತಿ ಅಂತ ಬೈದು ಕಳಿಸಿದಿ! ನಿನ್ನಂಥ ಕೆಟ್ಟ ಬಾಯಿ, ನಿನ್ನಂಥ ಗಟ್ಟಿ ಹೆಂಗಸು ಎಲ್ಲೂ ನೋಡಿಲ್ಲ ನಾ!"

ನಾನು ಸೌಟು ಆಡಿಸುತ್ತ ಇನ್ನೂ ಬೈಯುವವಳಿದ್ದೆ. ಆದರೆ ಹುಲಿಗೆವ್ವನ ಮುಖ ನನ್ನ ಮುಖದ ನೇರಕ್ಕಿರಲಿಲ್ಲ. ತಲೆಯೆತ್ತಿ ನೋಡಬೇಕಾಯಿತು. ಅವಳ ಪಾದಗಳು ನನ್ನ ಮೊಣಕಾಲಿನೆತ್ತರಕ್ಕೆ ಬಂದಿದ್ದವು. ಅತ್ತೆ ಮೊರ ಹಿಡಿದು ತೂರಿಸಿದಳು. ಒಂದೇ ಏನು, ಮೇಲಿಂದ ಮೇಲೆ ಪೇರಿಸಿದ ಮೊರಗಳೂ ಹಾಯುವಷ್ಟು ಜಾಗವಿತ್ತು.

"ದಾಟಿತು" ಎಂದಳು ಅತ್ತೆ.

ನನ್ನ ಮೂರನೆಯ ಮಗಳು ಕಸ್ತೂರಿ ಕಂಬದ ಹತ್ತಿರ ನಿಂತು ಅಳುತ್ತಿದ್ದಳು. ಈ ಕಥೆಯನ್ನು ಅವಳು ಕೇಳಿದ್ದು ಅದೇ ಮೊದಲು. ಹುಲಿಗೆವ್ವ ಅವಳನ್ನು ನೋಡಿದಳು, ಆಮೇಲೆ ಕಿಟಕಿಯ ಕಡೆ ತಿರುಗಿದಳು. ಈಗ ಕೇಳು, ಗಿರಣಿ ಕೇಳು ಎಂದು ಹೆಂಗಸರೆಲ್ಲ ಕೈಸನ್ನೆ ಮಾಡಿದರು.

"ಗಿರಣಿ ನಂದು" ಎಂದಳು ಹುಲಿಗೆವ್ವ. "ಅದನ್ನ ಕೇಳಾಕ ನಾ ಬಂದಿಲ್ಲ. ಅದು ನಂದ ಐತಿ, ಕೇಳೂದೇನೈತಿ ಅದರಾಗ? ನನ್ನ ಮಾತು ಬ್ಯಾರೆ. ಗಂಡ ಸತ್ತಾಕಿ ತಾ ದುಡದದ್ದನ್ನ ತನಗ ಉಳಸ್ರಿ ಅಂತ ಹಿಂಗ ಮ್ಯಾಲೆದ್ದು ಬೇಡಿಕೊಳ್ಳೂ ಹಂಗ ಇನ್ನೊಮ್ಮೆ ಈ ಊರಾಗ ಆಗಬಾರದು. ನನ್ನಂಗ ಬಾಯಿ ಇಲ್ಲದಾಕಿ ಏನ ಮಾಡಬೇಕು? ಹೊಗಳೋರ ಇಲ್ಲದಾಕಿ ಏನ ಮಾಡಬೇಕು? ನೆಲದ ಮ್ಯಾಲ ನಿಂತಾಗನೂ ಆಕಿದು ಆಕಿದ ಆಗಿರಬೇಕು. ಇದ ನನ್ನ ಮಾತು."

ಜಗಲಿಯಲ್ಲಿ ಗುಸುಗುಸು ಎದ್ದಿತು. ಒಂದು ನಲ್ಲಿ, ಒಂದು ಗಿರಣಿ ಅಂದರೆ ಕೊಟ್ಟುಬಿಡುತ್ತಿದ್ದರು. ಇದು ಅವರವರ ಮನೆಯ ಬಾಗಿಲಿಗೇ ಬರುವ ಮಾತು. ಕಡೆಗೆ ಚಿಕ್ಕಪ್ಪ ರುದ್ರಪ್ಪನ ದನಿ ಕೇಳಿಸಿತು. "ಅಂದ್ರ ಇನ್ನ ಮುಂದ ಆಗೋರಿಗೆ ಅಷ್ಟೇ ಏನವಾ?"

"ಹಿಂದ ಆದವರಿಗೂ" ಎಂದಳು ಹುಲಿಗೆವ್ವ. "ಜೀವಂತ ಇದ್ದವರಿಗೆಲ್ಲಾ. ಕುಂತ ಯೋಚನಿ ಮಾಡ್ರಿ, ನನಗೇನ ಇಳಿಯೋ ಅವಸರ ಇಲ್ಲ."

ಅದು ಬರಿಯ ಜಂಬವಾಗಿರಲಿಲ್ಲ. ಅವಳು ಇಳಿಯುತ್ತಲೇ ಇರಲಿಲ್ಲ. ಅವಳ ಮಾತು ಕೇಳಿ ಪಡಸಾಲೆಯ ಹೆಂಗಸರಲ್ಲಿ ಮೊದಲು ಮಾದೇವಿ, "ಎಂಥಾ ಮಾತಾಡಿದಿ ನಮ್ಮವ್ವಾ" ಎಂದಳು. ಆಮೇಲೆ ಒಬ್ಬೊಬ್ಬರೂ ಎದ್ದು ನಿಂತು ಅದನ್ನೇ ಹೇಳತೊಡಗಿದರು. ಒಂದೊಂದು ಮಾತಿಗೂ ಅವಳು ಇನ್ನಷ್ಟು ಮೇಲೆ ಹೋದಳು, ತಲೆ ತೊಲೆಯ ದಿಂಬಿಗೆ ತಾಗಿತು. ಅಲ್ಲಿಂದಲೇ ಕೈಕಟ್ಟಿಕೊಂಡು ಕಿಟಕಿಯತ್ತ ನೋಡುತ್ತಿದ್ದಳು. ಹೀಗೇ ಬಿಟ್ಟರೆ ಬೆಳತನಕವೂ ಇಳಿಯುವವಳಲ್ಲ ಎಂದು ಹಿರಿಯರಿಗೂ ಗೊತ್ತಾಯಿತು. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಕೊನೆಗೆ ಎಲ್ಲರೂ "ಆಗಲಿ" ಎಂದರು. ಸಂಗಪ್ಪ ಚಪ್ಪಲಿ ಮೆಟ್ಟಿಕೊಂಡು ಹೋದ ಸದ್ದು ಕೇಳಿತು.

ಹುಲಿಗೆವ್ವ ಇಳಿದು ಬಂದಳು. ನನ್ನ ಹತ್ತಿರ ಬಂದು, ನನ್ನ ಕೈಯ ಸೌಟು ಕಸಿದುಕೊಂಡು ಹುಗ್ಗಿಯ ಹಂಡೆಯ ಕಡೆ ನಡೆದಳು. ನಗು, ಅಳು, ಗದ್ದಲ. ಆ ಗದ್ದಲದಲ್ಲಿ ಅತ್ತೆ ಮೊರವನ್ನು ನೆಲಕ್ಕಿಟ್ಟು, ಗೋಡೆ ಹಿಡಿದುಕೊಂಡು ಎದ್ದು ಕಿಟಕಿಯ ಹತ್ತಿರ ಹೋದದ್ದನ್ನು ನಾನೊಬ್ಬಳೇ ನೋಡಿದೆ.

"ರುದ್ರಪ್ಪಾ" ಎಂದು ಕರೆದಳು ಅತ್ತೆ. "ನನ್ನ ಮಗ್ಗ ನಾಳಿ ಮುಂಜಾನಿ ಕಳಿಸಿಕೊಡು. ಎಲ್ಲೆರ ಮುರದಿದ್ರೂ ನಡೀತೈತಿ, ನಾ ಸರಿ ಮಾಡಿಕೊಂತೀನಿ."

ಒಬ್ಬರಾದ ಮೇಲೊಬ್ಬರು ಅತ್ತ ತಿರುಗಿದರು. ನಾನು ಈ ಮನೆಗೆ ಸೊಸೆಯಾಗಿ ಬಂದು ಮೂರು ಮಕ್ಕಳನ್ನು ಹೆತ್ತು ಬೆಳೆಸಿದವಳು. ಅತ್ತೆಗೊಂದು ಮಗ್ಗವಿತ್ತೆಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ನನಗೊಬ್ಬಳಿಗೇ ಅಲ್ಲ. ಈರಣ್ಣ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತ. ಮಾವ ತೀರಿಕೊಂಡು ಮಗ್ಗ ತಮ್ಮನ ಪಾಲಾದಾಗ ಅವನು ಅಂಬೆಗಾಲಿನ ಕೂಸು.

"ಯವ್ವಾ, ನಿನಗ ನೇಯಾಕ ಬರ್ತೈತೇನ?" ಎಂದು ಕೇಳಿದ.

"ನೀ ಹುಟ್ಟಿದಾಗ ನಿನ್ನ ಸುತ್ತಿದ ಬಟ್ಟಿ ಯಾರ ನೇದದ್ದು ಅನಕೊಂಡಿದ್ದಿ?" ಎಂದಳು ಅತ್ತೆ.

ಚಿಕ್ಕಪ್ಪ ಜಗಲಿಯಿಂದ ಎದ್ದು, "ಕಳಸ್ತೀನಿ ವೈನಿ" ಎಂದು ಅತ್ತಿಗೆಗೆ ಹೇಳಿದ. ಹಂಡೆ ತಿಕ್ಕುವ ಕೆಲಸವನ್ನು ಗಂಡಸರಿಗೆ ಬಿಟ್ಟು, ನಾವು ಹೆಂಗಸರೆಲ್ಲ ಸೇರಿ ಪಡಸಾಲೆಯ ಮಂಚ, ಚೀಲಗಳನ್ನು ಹಿತ್ತಲ ಕೋಣೆಗೆ ಸಾಗಿಸಿದೆವು. ಮಗ್ಗಕ್ಕೆ ಎಷ್ಟು ಜಾಗ ಬೇಕೆಂದು ಅತ್ತೆ ನೆಲದ ಮೇಲೆ ಹೆಜ್ಜೆಯಿಟ್ಟು ತೋರಿಸಿದಳು.